ರೈಫಲ್ ಬೆಡ್ಡಿಂಗ್: ಆ್ಯಕ್ಷನ್ ತಾನಾಗಿ ಕೂರಬೇಕು

ಕಳೆದ ತಿಂಗಳು ನನ್ನ 308 ರೈಫಲ್ 100 ಗಜದಲ್ಲಿ ಮೂರು ಇಂಚು ಬಲಕ್ಕೆ ಹೊಡೆಯಲು ಶುರು ಮಾಡಿತು. ಸ್ಕೋಪ್ ಮುಟ್ಟಿರಲಿಲ್ಲ, ಗುಂಡುಗಳೂ ಅದೇ ಡಬ್ಬಿಯವು. ನಡುವೆ ಆಗಿದ್ದು ಒಂದೇ, ಹತ್ತು ದಿನ ಬಿಡದೆ ಸುರಿದ ಮಳೆ. ಮಡಿಕೇರಿಯಲ್ಲಿ ಬೆಳೆದವನಿಗೆ ಇದು ಹೊಸದಲ್ಲ. ಆಷಾಢ ಬಂತೆಂದರೆ ನಮ್ಮ ಮನೆಯ ಹಿಂಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು, ಹೆಗಲು ಕೊಟ್ಟು ತಳ್ಳಬೇಕಿತ್ತು. ಈಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ, ನನ್ನ ರೈಫಲ್ ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯುವ, ಲೋಹದ ಭಾಗ ಕೂರುವ ಮೈ) ವಾಲ್ನಟ್. ಅದೂ ಮರವೇ ಅಲ್ವಾ?

ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಸರಳು) ತೆಗೆದಿಟ್ಟು, ಸ್ಟಾಕಿನ ತುದಿಯೂ ನಳಿಗೆಯೂ ಸೇರುವ ಕಡೆ ಒಂದು ಬೆರಳಿಟ್ಟೆ. ಆ್ಯಕ್ಷನ್ ಅನ್ನು (ನಳಿಗೆಯ ಹಿಂದಿನ, ಬೋಲ್ಟ್ ಓಡಾಡುವ ಲೋಹದ ಭಾಗ) ಸ್ಟಾಕಿಗೆ ಬಿಗಿದಿಡುವ ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿದಾಗ ನಳಿಗೆ ಮೇಲಕ್ಕೆ ಎದ್ದದ್ದು ಬೆರಳಿಗೇ ಗೊತ್ತಾಯಿತು. ಡಯಲ್ ಇಂಡಿಕೇಟರ್ ಇಟ್ಟು ಅಳೆದರೆ 0.008 ಇಂಚು. ಅಂದರೆ ಸ್ಕ್ರೂ ಬಿಗಿದಾಗಲೆಲ್ಲ ಆ್ಯಕ್ಷನ್ ಬಾಗುತ್ತಿತ್ತು. 0.002 ದಾಟಬಾರದು ಅನ್ನುವುದು ನಾನು ಇಟ್ಟುಕೊಂಡಿರುವ ಲೆಕ್ಕ.

ಇದಕ್ಕೆ ಮದ್ದು ಬೆಡ್ಡಿಂಗ್: ಆ್ಯಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ಹಚ್ಚಿ, ಆ್ಯಕ್ಷನ್‌ನದೇ ಅಚ್ಚು ಮೂಡಿಸುವುದು. ಹಚ್ಚುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲಿನ ತಯಾರಿಗೆ ಒಂದಿಡೀ ಶನಿವಾರ ಹೋಯಿತು. ರಿಕಾಯಿಲ್ ಲಗ್ (ಒದೆತವನ್ನು ಸ್ಟಾಕಿಗೆ ದಾಟಿಸುವ ಲೋಹದ ಗಟ್ಟಿ) ಕೂರುವ ಜಾಗದಲ್ಲಿ, ಹಿಂದಿನ ಟ್ಯಾಂಗ್ (ಆ್ಯಕ್ಷನ್‌ನ ಬಾಲ) ಕೆಳಗೆ ಸುಮಾರು ಮೂರು ಮಿಲಿಮೀಟರ್ ಮರ ಕೆತ್ತಿದೆ. ನುಣುಪು ಮಾಡಬೇಡಿ, ಒರಟಾಗಿದ್ದರೇ ಎಪಾಕ್ಸಿ ಹಿಡಿಯುತ್ತದೆ. ಲಗ್‌ನ ಮುಂಭಾಗ, ಎರಡು ಪಕ್ಕ ಮತ್ತು ತಳಕ್ಕೆ ಟೇಪ್ ಹಚ್ಚಬೇಕು. ಹಿಂಭಾಗಕ್ಕೆ ಮಾತ್ರ ಬೇಡ, ಏಕೆಂದರೆ ಗುಂಡು ಹಾರಿದಾಗಿನ ಒದೆತವನ್ನೆಲ್ಲ ತಡೆಯುವುದು ಆ ಮುಖವೇ, ಅದು ಎಪಾಕ್ಸಿಗೆ ಅಂಟಿಕೊಂಡಂತೆ ಕೂತಿರಬೇಕು.

ಆಮೇಲೆ ಆ್ಯಕ್ಷನ್‌ನ ಪ್ರತಿ ತೂತು, ಪ್ರತಿ ಸಂದಿಗೂ ಒಣಗದ ಕ್ಲೇ ತುಂಬಿ, ಬಣ್ಣವಿಲ್ಲದ ಶೂ ಪಾಲಿಶ್ ಎರಡು ಕೋಟು ಸವರಿದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರಿದ ಹಾಗೆ, ಒಂದು ಗುಳಿ ಮರೆತರೂ ಅಲ್ಲೇ ಹಿಡಿಯುತ್ತದೆ. ಎರಡು ವರ್ಷದ ಹಿಂದೆ ಇನ್ನೊಂದು ರೈಫಲ್‌ನಲ್ಲಿ ಒಂದು ಪಿನ್ನಿನ ತೂತು ಬಿಟ್ಟುಹೋಗಿತ್ತು. ಎಪಾಕ್ಸಿ ಒಳಗೆ ಹೊಕ್ಕು ಮರವೂ ಕಬ್ಬಿಣವೂ ಒಂದಾಗಿಬಿಟ್ಟವು. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದ ಮೇಲೆ ಬಿಟ್ಟಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಸಲ ಬಳಸಿದ್ದು ಅಕ್ರಾಗ್ಲಾಸ್ ಜೆಲ್ ಅನ್ನುವ ಎಪಾಕ್ಸಿ, ಎರಡೂ ಟ್ಯೂಬಿನಿಂದ ಸಮಸಮ. ಇಲ್ಲಿ ತುಂಬಾ ಜನ ತಪ್ಪುತ್ತಾರೆ: ಆ್ಯಕ್ಷನ್ ಇಟ್ಟು ಸ್ಕ್ರೂ ಜೋರಾಗಿ ಬಿಗಿದುಬಿಡುತ್ತಾರೆ. ಹಾಗೆ ಮಾಡಿದರೆ ಹಳೆಯ ಬಾಗನ್ನೇ ಎಪಾಕ್ಸಿಯಲ್ಲಿ ಅಚ್ಚು ಹಾಕಿದಂತೆ. ನಾನು ತಲೆ ಕತ್ತರಿಸಿದ ಸ್ಕ್ರೂಗಳನ್ನು ದಾರಿ ತೋರಿಸಲು ಮಾತ್ರ ಹಾಕಿದೆ. ನಳಿಗೆ ನಡುವೆ ನಿಲ್ಲಲಿ ಅಂತ ಸ್ಟಾಕಿನ ತುದಿಯ ಹತ್ತಿರ ಅದಕ್ಕೆ ಟೇಪ್ ಸುತ್ತಿದ್ದೆ. ಮೇಲೆ ಸೈಕಲ್ ಟ್ಯೂಬಿನ ಒಂದು ಪಟ್ಟಿ, ಹಗುರವಾಗಿ. ಅಷ್ಟೇ. ಅಂಚಿನಲ್ಲಿ ಉಕ್ಕಿದ ಎಪಾಕ್ಸಿಯನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒರೆಸುತ್ತಾ ಕೂತೆ, ಹದಿನೈದು ಕಡ್ಡಿ ಮುಗಿದವು.

ಒಂದು ದಿನ ಬಿಟ್ಟು ನಳಿಗೆ ಹಿಡಿದು ಎತ್ತಿದೆ. ಟಕ್ ಅಂದಿತು. ಎಪಾಕ್ಸಿಯಲ್ಲಿ ಆ್ಯಕ್ಷನ್‌ನ ಮೇಲಿನ ಗೀರುಗಳು ಕೂಡ ಮೂಡಿದ್ದವು. ಸ್ಕ್ರೂ ತೂತುಗಳನ್ನು ಸ್ವಲ್ಪ ದೊಡ್ಡದು ಮಾಡಿದೆ, ಸ್ಕ್ರೂ ಗೋಡೆಗೆ ತಾಗಬಾರದು. ನಳಿಗೆಯ ಟೇಪ್ ತೆಗೆದು, ಜೋಡಿಸಿ, 40 ಇಂಚ್-ಪೌಂಡಿಗೆ ಬಿಗಿದೆ. ಸ್ಕ್ರೂ ಸುತ್ತ ಪಿಲ್ಲರ್ (ಲೋಹದ ಕೊಳವೆ) ಹಾಕಿದ್ದರೆ ಇನ್ನೂ ಬಿಗಿಯಬಹುದಿತ್ತು, ಬರೀ ಮರಕ್ಕೆ ಇಷ್ಟು ಸಾಕು. ಡಯಲ್‌ನ ಮುಳ್ಳು ಈಗ 0.001 ಕೂಡ ಮುಟ್ಟುವುದಿಲ್ಲ. ನಳಿಗೆಯ ಕೆಳಗೆ ಒಂದು ಡಾಲರ್ ನೋಟು ತುದಿಯಿಂದ ಆ್ಯಕ್ಷನ್‌ವರೆಗೆ ಸಲೀಸಾಗಿ ಓಡಿತು, ಅಂದರೆ ನಳಿಗೆ ಮರಕ್ಕೆ ಎಲ್ಲೂ ತಾಗುತ್ತಿಲ್ಲ.

ಐದು ಗುಂಡು ಹೊಡೆದೆ, ಐದೂ ಒಂದು ಇಂಚಿನೊಳಗೆ ಬಿದ್ದವು. ಆಮೇಲೆ ಬೇಕಂತಲೇ ಮತ್ತೊಂದು ಮಳೆಗೆ ಕಾದೆ. ನಾಲ್ಕು ದಿನ ಸುರಿಯಿತು. ನಿನ್ನೆ ಹೋಗಿ ಮತ್ತೆ ಐದು ಹೊಡೆದೆ, ಅದೇ ಜಾಗ.