ಶೀರ್ಷಿಕೆಯಾಗ ಕುಲ ಯಾಕ್ ಬೇಕಿತ್ರಿ?

‘ಸೆಟ್ಲಮೆಂಟ್ ಯುವಕನಿಂದ ಸರಗಳವು’ ಎಂಬ ಶೀರ್ಷಿಕೆ ಇದೆ ಅಂತಿಟ್ಟುಕೊಳ್ಳಿ. ಸೆಟ್ಲಮೆಂಟ್ ಅಂದರೆ ಬರೀ ಓಣಿಯ ಹೆಸರಲ್ಲ ಅನ್ನುವುದನ್ನು ಹುಬ್ಬಳ್ಳಿಯವರಿಗೂ ಗದಗ-ಬೆಟಗೇರಿಯವರಿಗೂ ಬಿಡಿಸಿ ಹೇಳಬೇಕಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಅಂಥವರನ್ನು ಕುಟುಂಬ ಸಮೇತ ಒಂದೆಡೆ ಇಟ್ಟು ಹಾಜರಿ ಕೂಗುತ್ತಿದ್ದ ಜಾಗಗಳಿಗೆ ಬಂದ ಹೆಸರು ಇದು. ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಶೀರ್ಷಿಕೆ ಕೊಡುವವರಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಇದನ್ನು ಓದಿ ಸಿಟ್ಟು ಬಂದವರು ಸಾಮಾನ್ಯವಾಗಿ ಮಾಡುವುದು ಎರಡೇ: ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ ಬೈಯುವುದು, ಇಲ್ಲವೆ ಪರಿಚಯದ ವರದಿಗಾರನಿಗೆ ಫೋನ್ ಮಾಡಿ ಬೈಯುವುದು. ಎರಡರಿಂದಲೂ ಏನೂ ಆಗುವುದಿಲ್ಲ. ಶೀರ್ಷಿಕೆ ಬರೆಯುವವರು ಡೆಸ್ಕಿನಲ್ಲಿ ಕೂತ ಉಪಸಂಪಾದಕರು. ವರದಿಗಾರನಿಗೂ ಅದು ಕಾಣುವುದು ಬೆಳಿಗ್ಗೆ ಪೇಪರ್ ಬಂದಾಗಲೇ. ದೂರು ಡೆಸ್ಕಿಗೆ ಹೋಗಬೇಕು, ಮತ್ತು ಅದು ಅಳಲಿನ ರೂಪದಲ್ಲಿರದೆ ತಿದ್ದುಪಡಿಯ ರೂಪದಲ್ಲಿರಬೇಕು. ‘ನಮ್ಮ ಮನಸ್ಸಿಗೆ ನೋವಾಗಿದೆ’ ಎಂದು ಬರೆದ ಪತ್ರ ಹತ್ತರ ಜೊತೆ ಹನ್ನೊಂದಾಗುತ್ತದೆ. ‘ಮೂರನೇ ಪುಟದ ಈ ಸಾಲು ತಪ್ಪು, ಸರಿಯಾದದ್ದು ಇದು’ ಎಂದು ಬರೆದದ್ದನ್ನು ಸುಲಭಕ್ಕೆ ಬದಿಗಿಡಲಾಗುವುದಿಲ್ಲ.

ಹಿಂದೆ ಆಫ್ರಿಕಾದಿಂದ ಬಂದವರ ವಂಶಸ್ಥರಾದ ಸಿದ್ದಿಯರ ಕುರಿತ ಬರಹಗಳನ್ನೇ ನೋಡಿ. ‘ಅಚ್ಚ ಕನ್ನಡ ಮಾತಾಡುವ ಆಫ್ರಿಕನ್ನರು’ ಎಂದು ಹೊಗಳಿಕೆಯ ಧಾಟಿಯಲ್ಲೇ ಬರೆಯುತ್ತಾರೆ. ಇದು ಜನಾಂಗೀಯ ಧೋರಣೆ ಎಂದು ವಾದಕ್ಕೆ ನಿಂತರೆ ‘ನಾವು ಹೊಗಳಿದ್ದೇವಲ್ಲ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಬದಲಿಗೆ ಸಂಗತಿಯಿಂದ ಹಿಡಿಯಿರಿ. ಸಿದ್ದಿಯರು ಭಾರತದ ಪ್ರಜೆಗಳು, ತಲೆತಲಾಂತರದಿಂದ ಇಲ್ಲಿಯವರು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರನ್ನು 2020ರ ತಿದ್ದುಪಡಿ ಕಾಯ್ದೆ ಸೇರಿಸಿತು. ‘ಆಫ್ರಿಕನ್ನರು’ ಅನ್ನುವುದು ಮೊದಲಿಗೆ ಮಾಹಿತಿಯ ತಪ್ಪು. ಧೋರಣೆ ತಿದ್ದಲು ಒಪ್ಪದ ಸಂಪಾದಕರು ಮಾಹಿತಿ ತಿದ್ದಲು ಬೇಗ ಒಪ್ಪುತ್ತಾರೆ. ಅಪರಾಧ ಸುದ್ದಿಗಳಲ್ಲಿ ಬರುವ ‘ಇರಾನಿ ಗ್ಯಾಂಗ್’ ಕೂಡ ಹೀಗೆಯೇ. ಆ ಹೆಸರಿನ ಜನ ಇರಾನ್ ದೇಶದ ಪ್ರಜೆಗಳಲ್ಲ. ನಾಲ್ಕು ಜನ ಆರೋಪಿಗಳಿಗೆ ಇಡೀ ಸಮುದಾಯದ ಹೆಸರಿಟ್ಟರೆ ಅದೇ ಸಮುದಾಯದ ಹುಡುಗನಿಗೆ ಬಾಡಿಗೆ ಮನೆಯೂ ಸಿಗುವುದಿಲ್ಲ.

ತಪ್ಪು ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಆ ಜಾಗದಲ್ಲಿ ಊರಿನ ಬಲಾಢ್ಯ ಜಾತಿಯ ಹೆಸರು ಇಟ್ಟು ಓದಿ. ಅದೇ ಪತ್ರಿಕೆ ಹಾಗೆ ಅಚ್ಚು ಹಾಕುತ್ತಿತ್ತೆ? ಇಲ್ಲ ಅಂತಾದರೆ ಬರೆಯಿರಿ. ಆದರೆ ಜಾತಿಯ ಹೆಸರೇ ಎಲ್ಲೂ ಬರಬಾರದು ಎಂದು ಹಟ ಹಿಡಿಯಬೇಡಿ. ದಲಿತರಿಗೆ ದೇವಸ್ಥಾನದಲ್ಲಿ ಪ್ರವೇಶ ನಿರಾಕರಿಸಿದರೆ ಅಲ್ಲಿ ಜಾತಿಯೇ ಸುದ್ದಿ. ಅದನ್ನು ‘ಎರಡು ಗುಂಪುಗಳ ಘರ್ಷಣೆ’ ಎಂದು ಬರೆದರೆ ಅದೂ ದೂರು ಕೊಡುವಂಥದ್ದೇ.

ಮೊದಲು ಸಾಕ್ಷಿ ಎತ್ತಿಡಿ. ಮುದ್ರಿತ ಪತ್ರಿಕೆಯಾದರೆ ಕತ್ತರಿಸಿದ ತುಣುಕು ಸಾಲದು, ದಿನಾಂಕ ಕಾಣುವಂತೆ ಇಡೀ ಪುಟ ಬೇಕು. ಯಾವ ಆವೃತ್ತಿ ಎಂಬುದನ್ನೂ ಬರೆದುಕೊಳ್ಳಿ. ಹುಬ್ಬಳ್ಳಿ ಆವೃತ್ತಿಯ ಜಿಲ್ಲಾ ಪುಟ ಬೆಂಗಳೂರಿನವರು ನೋಡುವ ಪತ್ರಿಕೆಯಲ್ಲಿ ಇರುವುದೇ ಇಲ್ಲ. ಬಹಳ ದೂರುಗಳು ‘ಅಂಥ ಸುದ್ದಿ ನಮ್ಮಲ್ಲಿ ಬಂದಿಲ್ಲ’ ಎಂಬ ಉತ್ತರಕ್ಕೆ ಬಿದ್ದುಹೋಗುವುದು ಇಲ್ಲೇ. ಜಾಲತಾಣದ ಸುದ್ದಿಯಾದರೆ ವಿಳಾಸದ ಪಟ್ಟಿ (ಬ್ರೌಸರಿನಲ್ಲಿ ಲಿಂಕ್ ಕಾಣುವ ಸಾಲು) ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆ ಪುಟವನ್ನು ಜಾಲಪುಟಗಳ ಪ್ರತಿ ಕಾಯ್ದಿಡುವ ತಾಣವಾದ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ಫೋನ್ ಮಾಡುವುದು ಇದಾದ ಮೇಲೆ. ಮೊದಲೇ ಮಾಡಿದರೆ ಶೀರ್ಷಿಕೆ ಸದ್ದಿಲ್ಲದೆ ಬದಲಾಗುತ್ತದೆ, ಸ್ಪಷ್ಟನೆಯ ಮಾತೇ ಇರುವುದಿಲ್ಲ.

ಡೆಸ್ಕಿಗೆ ಫೋನ್ ಮಧ್ಯಾಹ್ನ ಮಾಡಿ. ಸಂಜೆ ಏಳರ ಮೇಲೆ ಪುಟ ಕಟ್ಟುವ ಗಡಿಬಿಡಿ, ಯಾರೂ ಕಿವಿಗೊಡುವುದಿಲ್ಲ. ಮಾತು ಇಷ್ಟಿದ್ದರೆ ಸಾಕು: “ನಮಸ್ಕಾರ ಸರ್, ಇವತ್ತಿನ ಮೂರನೇ ಪುಟದಾಗ ಸರಗಳವಿನ ಸುದ್ದಿ ಐತಲ್ರಿ, ಅದರ ಹೆಡ್ಡಿಂಗಿನಾಗ ಆರೋಪಿ ಕುಲ ಹಾಕ್ಯಾರ. ಒಳಗ ಸುದ್ದಿಗೂ ಅದಕ್ಕೂ ಸಂಬಂಧ ಇಲ್ರಿ. ಮೇಲ್ ಯಾರ ಹೆಸರಿಗೆ ಕಳಸ್ಲಿ?” ಬರುವ ಉತ್ತರ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ: “ಪೊಲೀಸ್ ಪ್ರೆಸ್ ನೋಟಿನಾಗ ಹಂಗ ಇತ್ರಿ.” ಇರಬಹುದು. ನೋಟಿನಲ್ಲಿರುವುದನ್ನೆಲ್ಲ ಅಚ್ಚು ಹಾಕಬೇಕೆಂಬ ಕಾನೂನಿಲ್ಲ, ಆಯ್ಕೆ ಸಂಪಾದಕರದ್ದು. ಅದನ್ನೇ ಮೆತ್ತಗೆ ಹೇಳಿ, ಪೊಲೀಸ್ ಕಮಿಷನರ್ ಕಚೇರಿಗೂ ಒಂದು ಪ್ರತಿ ಕಳಿಸಿ.

ಪತ್ರ ಒಂದು ಪುಟ ದಾಟಬಾರದು. ಪತ್ರಿಕೆಯಲ್ಲೇ ಅಚ್ಚಾಗಿರುವ ಸಂಪಾದಕರ ಹೆಸರು ನೋಡಿ ಅವರಿಗೇ ಬರೆಯಿರಿ. ಹೀಗೆ:

“ತಮ್ಮ ಪತ್ರಿಕೆಯ ಹುಬ್ಬಳ್ಳಿ ಆವೃತ್ತಿಯ ಇಂಥ ದಿನಾಂಕದ 3ನೇ ಪುಟದ ಶೀರ್ಷಿಕೆಯಲ್ಲಿ ಆರೋಪಿಯ ಸಮುದಾಯವನ್ನು ಹೆಸರಿಸಲಾಗಿದೆ. ಕೃತ್ಯಕ್ಕೂ ಸಮುದಾಯಕ್ಕೂ ಇರುವ ಸಂಬಂಧವನ್ನು ವರದಿ ಎಲ್ಲಿಯೂ ಹೇಳುವುದಿಲ್ಲ. ‘ಸರಗಳವು: ಆರೋಪಿ ಬಂಧನ’ ಎಂದಿದ್ದರೆ ಸುದ್ದಿಗೆ ಏನೂ ಕೊರತೆಯಾಗುತ್ತಿರಲಿಲ್ಲ. ಅದೇ ಪುಟದಲ್ಲಿ ಸ್ಪಷ್ಟನೆ ಪ್ರಕಟಿಸಿ, ಜಾಲತಾಣದ ಶೀರ್ಷಿಕೆಯನ್ನೂ ತಿದ್ದಬೇಕಾಗಿ ಕೋರುತ್ತೇನೆ.”

ಕೊನೆಗೆ, ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಭಾರತೀಯ ಪತ್ರಿಕಾ ಮಂಡಳಿಯ (ಪ್ರೆಸ್ ಕೌನ್ಸಿಲ್) ನೀತಿ ನಿಯಮಗಳ ಒಂದು ಸಾಲು ಸೇರಿಸಿ: ವ್ಯಕ್ತಿಯ ಅಥವಾ ವರ್ಗದ ಜಾತಿ ಗುರುತನ್ನು ಸಾಮಾನ್ಯವಾಗಿ ಕೈಬಿಡಬೇಕು, ಆ ಜಾತಿಗೆ ಕೀಳುತನ ಅಂಟುವಂತಿದ್ದರೆ ವಿಶೇಷವಾಗಿ. ‘ಕೋರ್ಟಿಗೆ ಎಳೆಯುತ್ತೇನೆ’ ಎಂದು ಮಾತ್ರ ಬರೆಯಬೇಡಿ. ಬರೆದರೆ ಪತ್ರ ವಕೀಲರ ಮೇಜಿಗೆ ಹೋಗುತ್ತದೆ, ಡೆಸ್ಕಿಗೆ ಬಾಯಿ ಬಿಡಬೇಡಿ ಎಂಬ ಸೂಚನೆ ಬರುತ್ತದೆ. ಐವತ್ತು ಜನ ಸೇರಿ ಒಂದೇ ಒಕ್ಕಣೆ ಕಳಿಸಿದರೂ ಅದು ಒಂದೇ ಪತ್ರದ ಲೆಕ್ಕ. ಐದೇ ಜನ ಇರಲಿ, ತಮ್ಮ ತಮ್ಮ ಮಾತಿನಲ್ಲಿ ಬರೆಯಲಿ.

ಹದಿನೈದು ದಿನ ಕಾದರೂ ಉತ್ತರವಿಲ್ಲದಿದ್ದರೆ ದೆಹಲಿಯ ಪತ್ರಿಕಾ ಮಂಡಳಿಗೆ ಹೋಗಿ. ದಿನಪತ್ರಿಕೆ, ವಾರಪತ್ರಿಕೆಗಳ ವಿರುದ್ಧ ಸುದ್ದಿ ಪ್ರಕಟವಾದ ದಿನದಿಂದ ಎರಡು ತಿಂಗಳೊಳಗೆ ದೂರು ತಲುಪಬೇಕು. ಸಂಪಾದಕರ ಉತ್ತರಕ್ಕೆ ಕಾಯುತ್ತ ಕೂತವರು ಗಡುವು ತಪ್ಪಿಸಿಕೊಳ್ಳುವುದೇ ಹೆಚ್ಚು. ಯಾರು ಬೇಕಾದರೂ ದೂರು ಕೊಡಬಹುದು, ಬಾಧಿತರೇ ಆಗಬೇಕಿಲ್ಲ. ಆದರೂ ಆ ಮನೆಯವರನ್ನು ಒಂದು ಮಾತು ಕೇಳುವುದು ಚಲೋ. ದೂರಿನ ಜೊತೆ ಪುಟದ ಪ್ರತಿ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಸ್ಪೀಡ್ ಪೋಸ್ಟ್ ರಸೀದಿ, ಈ ವಿಷಯ ಯಾವ ನ್ಯಾಯಾಲಯದಲ್ಲೂ ಇಲ್ಲ ಎಂಬ ಘೋಷಣೆ ಮತ್ತು ಸುದ್ದಿಯ ಇಂಗ್ಲಿಷ್ ಅನುವಾದ ಇರಬೇಕು. ಅನುವಾದದಲ್ಲೇ ಮೋಸವಾಗುವುದು. ‘ಕಳ್ಳತನವೇ ಕುಲಕಸುಬು’ ಅನ್ನುವುದನ್ನು ಬರೀ ‘ವೃತ್ತಿ’ ಎಂದು ಅನುವಾದಿಸಿದರೆ ಮಾತಿನ ವಿಷವೇ ಸೋರಿಹೋಗುತ್ತದೆ. ಕನ್ನಡದ ಶಬ್ದವನ್ನು ಹಾಗೇ ಉಳಿಸಿ ಪಕ್ಕದಲ್ಲಿ ಅರ್ಥ ಬರೆಯಿರಿ.

ಮಂಡಳಿ ದಂಡ ಹಾಕಲಾರದು. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಅಷ್ಟೆ. ಹಲ್ಲು ಕಿತ್ತ ಹಾವು ಅನ್ನುವವರಿದ್ದಾರೆ, ತಪ್ಪೇನಿಲ್ಲ. ಆದರೂ ಮಂಡಳಿಯಿಂದ ನೋಟಿಸ್ ಬಂದರೆ ಸಂಪಾದಕರು ಲಿಖಿತವಾಗಿ ಸಮಜಾಯಿಷಿ ಕೊಡಬೇಕು.

ಟಿವಿಗೆ ದಾರಿ ಬೇರೆ. ಕೇಬಲ್ ಟಿವಿ ನಿಯಮಾವಳಿ 1994ರ ನಿಯಮ 6(1)(ಎಂ) ಜನಾಂಗ, ಭಾಷೆ, ಪ್ರದೇಶದ ಗುಂಪುಗಳನ್ನು ಹೀನಾಯವಾಗಿ, ವ್ಯಂಗ್ಯವಾಗಿ ತೋರಿಸಬಾರದು ಅನ್ನುತ್ತದೆ. ಈಶಾನ್ಯ ರಾಜ್ಯದವರ ಮುಖದ ಮೇಲೆ, ಆಫ್ರಿಕಾದ ವಿದ್ಯಾರ್ಥಿಗಳ ಬಣ್ಣದ ಮೇಲೆ ಮಾಡುವ ಕುಹಕಕ್ಕೆ ನೇರ ಅನ್ವಯ. ಚಾನೆಲ್, ದಿನಾಂಕ, ಸಮಯ, ಪರದೆಯ ಮೇಲಿದ್ದ ಅಕ್ಷರ ಬರೆದುಕೊಂಡು ಏಳು ದಿನದೊಳಗೆ ಚಾನೆಲ್‌ಗೇ ಮೊದಲು ದೂರು ಕೊಡಿ. ಒಪ್ಪದಿದ್ದರೆ ಅವರು ಸದಸ್ಯರಾಗಿರುವ ಸ್ವನಿಯಂತ್ರಣ ಸಂಸ್ಥೆಗೆ, ಅಂದರೆ ತಮ್ಮ ಮೇಲೆ ನಿಗಾ ಇಡಲು ಪ್ರಸಾರಕರೇ ಕಟ್ಟಿಕೊಂಡ ಸಂಸ್ಥೆಗೆ, ಹೋಗಬಹುದು. ಗದಗ, ಹಾವೇರಿಯ ಲೋಕಲ್ ಕೇಬಲ್ ಸುದ್ದಿಯಾದರೆ ಇಷ್ಟು ಸುತ್ತಬೇಕಿಲ್ಲ: ಕೇಬಲ್ ಕಾಯ್ದೆಯಡಿ ಜಿಲ್ಲಾಧಿಕಾರಿಯೇ ಅಧಿಕೃತ ಅಧಿಕಾರಿ, ಆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಸ್ಪಷ್ಟನೆ ಬಂತು, ಶೀರ್ಷಿಕೆ ಬದಲಾಯಿತು ಅಂತ ಕಡತ ಕಟ್ಟಿಡುವ ಮೊದಲು ಸುದ್ದಿಯ ಲಿಂಕನ್ನು ಒಮ್ಮೆ ನೋಡಿ. ಮೇಲೆ ಶೀರ್ಷಿಕೆ ತಿದ್ದಿದ್ದರೂ ವಿಳಾಸದೊಳಗೆ ಹಳೆಯ ಶಬ್ದ ಹಾಗೇ ಕೂತಿರುತ್ತದೆ, ವಾಟ್ಸಾಪಿನಲ್ಲಿ ಹಂಚಿದಾಗಲೆಲ್ಲ ಅದೂ ಕಾಣುತ್ತದೆ. ಅದನ್ನೂ ಬದಲಿಸಿ ಎಂದು ಇನ್ನೊಂದು ಮೇಲ್ ಹಾಕಬೇಕಾಗುತ್ತದೆ.