"ಸಮಜಾಯಿಷಿ ತೃಪ್ತಿಕರವಾಗಿಲ್ಲ" ಅಂತ ಬರೆದವನು ನಾನೇ

ನಾನು ಜಿಲ್ಲಾ ಮಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ಕೇಸ್ ವರ್ಕರ್. ಆದೇಶಕ್ಕೆ ಸಹಿ ಹಾಕುವವರು ಸಾಹೇಬರು. ಆದರೆ ಅದರ ಕರಡು ನನ್ನ ಮೇಜಿನ ಮೇಲೆ ಹುಟ್ಟುತ್ತದೆ. ಹಳೆಯ ಆದೇಶವೊಂದನ್ನು ಕಂಪ್ಯೂಟರ್‌ನಲ್ಲಿ ತೆರೆದು, ಹೆಸರು ಬದಲಿಸಿ, ದಿನಾಂಕ ಬದಲಿಸಿ, "ಓದಲಾಗಿದೆ", "ಪ್ರಸ್ತಾವನೆ", "ಆದೇಶ" ಎಂಬ ಮೂರು ಭಾಗ ತುಂಬಿ ಮೇಲಕ್ಕೆ ಕಳಿಸುವುದು. ಈ ಕೆಲಸದಲ್ಲಿ ಹನ್ನೆರಡು ವರ್ಷ ಕಳೆದಿದೆ. ಅದರಲ್ಲಿ ಮೊದಲ ಐದು ವರ್ಷ ನಾನು ಆದೇಶ ಬರೆಯುತ್ತಿದ್ದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಸುಮ್ನೆ ಜಾಗ ತುಂಬುತ್ತಿದ್ದೆ.

ಪರೀಕ್ಷೆಗೆ ಓದುವಾಗ ನ್ಯಾಯಾಂಗ ಪರಾಮರ್ಶೆ ಎಂಬ ಪಾಠ ಇತ್ತು. ಸರ್ಕಾರ ಮಾಡಿದ್ದು, ಶಾಸಕಾಂಗ ಮಾಡಿದ್ದು ಸಂವಿಧಾನಕ್ಕೆ ಸರಿಹೊಂದುತ್ತದೆಯೇ ಎಂದು ಕೋರ್ಟು ನೋಡುವ ಅಧಿಕಾರ. ಕೇಶವಾನಂದ ಭಾರತಿ, 1973, 13 ನ್ಯಾಯಮೂರ್ತಿಗಳು, 7-6 ಬಹುಮತ, ಸಂಸತ್ತೂ ಕೆಡಿಸಲಾಗದ ಸಂವಿಧಾನದ ಮೂಲ ಸ್ವರೂಪ. ಮಗ್ಗಿ ಥರ ಬಾಯಿಪಾಠ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಮಠದ ಜಮೀನಿಗಾಗಿ ಹಾಕಿದ ಅರ್ಜಿ ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೇ ಗಡಿ ಹಾಕಿತು ಎಂಬುದು ಓದಲು ರೋಚಕವಾಗಿತ್ತು. ಆದರೆ ಅದೆಲ್ಲ ದೊಡ್ಡವರ ವಿಷಯ, ದೆಹಲಿ ವಿಷಯ. ನನ್ನ ಮೇಜಿಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಬಂದದ್ದು ಒಂದು ನ್ಯಾಯಬೆಲೆ ಅಂಗಡಿಯಿಂದ.

ತಪಾಸಣೆಗೆ ಹೋದವರು ದಾಸ್ತಾನಿನಲ್ಲಿ 11 ಕ್ವಿಂಟಾಲ್ ಚಿಲ್ಲರೆ ಅಕ್ಕಿ ಕಡಿಮೆ ಇದೆ ಎಂದು ಮಹಜರು ಬರೆದು ತಂದರು. ಅಂಗಡಿಯವರಿಗೆ ಕಾರಣ ಕೇಳಿ ನೋಟಿಸ್ ಹೋಯಿತು. ಅವರು ಮೂರು ಪುಟದ ಸಮಜಾಯಿಷಿ ಕೊಟ್ಟರು. ಸರ್ವರ್ ಇಲ್ಲದೆ ಕಾರ್ಡುದಾರರ ಬೆರಳಿನ ಗುರುತು ಪಡೆಯುವ ಯಂತ್ರ ನಾಲ್ಕು ದಿನ ಕೈಕೊಟ್ಟಿತ್ತು, ಜನ ಬಾಗಿಲಲ್ಲಿ ನಿಂತಿದ್ದರು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಅಕ್ಕಿ ಕೊಟ್ಟೆ, ಇಗೋ 52 ಕಾರ್ಡುಗಳ ಪಟ್ಟಿ, ಎಂದು. ಜೊತೆಗೆ ಮಹಜರಿನ ಪ್ರತಿ ಕೊಡಿ ಎಂದೂ ಕೇಳಿದ್ದರು.

ಆ ವಾರ ನನ್ನ ಬಳಿ ಮೂವತ್ತಕ್ಕೂ ಹೆಚ್ಚು ಕಡತ ಇದ್ದವು. ಪಟ್ಟಿಯನ್ನು ನಾನು ತೆರೆದೂ ನೋಡಲಿಲ್ಲ. ನಮ್ಮ ಹಳೆಯ ಆದೇಶಗಳಲ್ಲಿ ಸಾಲೊಂದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ: "ಸದರಿಯವರು ಸಲ್ಲಿಸಿರುವ ಸಮಜಾಯಿಷಿಯು ತೃಪ್ತಿಕರವಾಗಿರುವುದಿಲ್ಲ." ಅದನ್ನೇ ಅಂಟಿಸಿದೆ. ಕೆಳಗೆ ಪ್ರಾಧಿಕಾರ, ಅಂದರೆ ಅಂಗಡಿ ನಡೆಸುವ ಅನುಮತಿ, ರದ್ದು. ಒಂದೂಕಾಲು ಪುಟದ ಆದೇಶ. ಸಹಿಯೂ ಆಯಿತು.

ಎರಡು ತಿಂಗಳಿಗೆ ಹೈಕೋರ್ಟಿನ ಧಾರವಾಡ ಪೀಠದಿಂದ ನೋಟಿಸ್. ನಮ್ಮ ಆದೇಶವನ್ನು ಪ್ರಶ್ನಿಸಿ ಅಂಗಡಿಯವರು ಸಂವಿಧಾನದ 226ನೇ ವಿಧಿಯಡಿ ಹಾಕಿದ ರಿಟ್ ಅರ್ಜಿ.

ನಮ್ಮ ಮ್ಯಾನೇಜರ್ ಧೈರ್ಯ ಹೇಳಿದರು. "ಏನೂ ಆಗಲ್ಲ ತಮ್ಮಾ, ಮೇಲ್ಮನವಿಗೆ ಅವಕಾಶ ಇದೆ, ನೇರ ಹೈಕೋರ್ಟಿಗೆ ಹೋಗೋ ಹಾಗಿಲ್ಲ ಅಂತ ಬರೆದು ಕಳಿಸು." ಬರೆದೆ. ಅರ್ಜಿಯ ಒಂದೊಂದು ಪ್ಯಾರಾಕ್ಕೂ ಉತ್ತರ ಕೊಡುವ ಪ್ಯಾರಾವಾರು ಟಿಪ್ಪಣಿಯಲ್ಲಿ ಇನ್ನೂ ನಾಲ್ಕು ವಿಷಯ ಸೇರಿಸಿದೆ. ಹಿಂದೆ ಎರಡು ದೂರು ಬಂದಿದ್ದವು, ತೂಕದಲ್ಲಿ ಮೋಸ ಎಂದು ಗ್ರಾಮಸ್ಥರು ಹೇಳಿದ್ದರು, ಅಂಗಡಿ ಸಮಯಕ್ಕೆ ತೆರೆಯುತ್ತಿರಲಿಲ್ಲ, ಹೀಗೆ. ಆದೇಶಕ್ಕಿಂತ ಟಿಪ್ಪಣಿಯೇ ಉದ್ದವಾಯಿತು. ಬರೆದು ಮುಗಿಸಿದಾಗ ನನಗೇ ಹೆಮ್ಮೆ. ಈಗ ಕೇಸು ಗಟ್ಟಿಯಾಯ್ತು ಎಂದುಕೊಂಡೆ.

ಕಡತ ಹಿಡಿದು ಧಾರವಾಡಕ್ಕೆ ಹೋದೆ. ಸರ್ಕಾರಿ ವಕೀಲರು ಟಿಪ್ಪಣಿ ಓದಿದರು. ಆಮೇಲೆ ಆದೇಶ ತಿರುವಿ ನೋಡಿದರು. ಮತ್ತೆ ಟಿಪ್ಪಣಿ.

"ಈ ದೂರು, ತೂಕದ ಮೋಸ, ಇದೆಲ್ಲ ಆದೇಶದಾಗ ಎಲ್ಲಿ ಐತ್ರಿ?"

"ಆದೇಶದಲ್ಲಿ ಇಲ್ಲ ಮೇಡಂ. ಆದರೆ ನಿಜ."

"ನೋಟಿಸ್‌ನಾಗ?"

"ಅಲ್ಲೂ ಇಲ್ಲ."

"ಹಂಗಾದ್ರ ನಿಜ ಆದ್ರೂ ಉಪಯೋಗ ಇಲ್ರಿ. ಗಿಲ್ ಕೇಸ್ ಗೊತ್ತೇನ್ ನಿಮಗ?"

ಗೊತ್ತಿರಲಿಲ್ಲ. ಅದು ನನ್ನ ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲೇ ಕಾರಿಡಾರಿನಲ್ಲಿ ನಿಂತು ಹೇಳಿದರು, ಆಮೇಲೆ ನಾನೇ ಹುಡುಕಿ ಓದಿದೆ. 1977ರ ಲೋಕಸಭಾ ಚುನಾವಣೆ, ಪಂಜಾಬಿನ ಫಿರೋಜ್‌ಪುರ ಕ್ಷೇತ್ರ. ಎಣಿಕೆ ಕೊನೆಯ ಹಂತದಲ್ಲಿದ್ದಾಗ ಗಲಾಟೆಯಾಗಿ ಚುನಾವಣಾ ಆಯೋಗ ಇಡೀ ಕ್ಷೇತ್ರಕ್ಕೆ ಮರುಮತದಾನ ಎಂದಿತು. ಮೊಹಿಂದರ್ ಸಿಂಗ್ ಗಿಲ್ ಕೋರ್ಟಿಗೆ ಹೋದರು. ಅದರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ ಮಾತು ಇವತ್ತಿಗೂ ದೇಶದ ಎಲ್ಲ ಹೈಕೋರ್ಟುಗಳಲ್ಲಿ ಓಡಾಡುತ್ತದೆ. ಅಧಿಕಾರಿಯ ಆದೇಶವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು. ಆಮೇಲೆ ಅಫಿಡವಿಟ್ ಹಾಕಿ ಹೊಸ ಕಾರಣ ಜೋಡಿಸುವ ಹಾಗಿಲ್ಲ. ಆದೇಶಗಳು ಹಳೆಯ ವೈನ್ ಅಲ್ಲ, ವಯಸ್ಸಾದಷ್ಟೂ ಚೆನ್ನಾಗುವುದಕ್ಕೆ, ಎಂದರು ಅವರು. ನಮ್ಮ ಕಡೆ ಹೇಳುವುದಾದರೆ ಆದೇಶ ಉಪ್ಪಿನಕಾಯಿ ಅಲ್ಲ. ತಮಾಷೆ ಏನೆಂದರೆ ಗಿಲ್ ಅವರಿಗೆ ಕೇಳಿದ್ದು ಸಿಗಲಿಲ್ಲ. ಚುನಾವಣೆಯ ತಕರಾರಿಗೆ ಚುನಾವಣಾ ಅರ್ಜಿಯೇ ದಾರಿ ಎಂದಿತು ಕೋರ್ಟು. ಆದರೆ ಅವರ ಹೆಸರಿನ ಆ ನಿಯಮ ನನ್ನಂಥ ಎಷ್ಟು ಕೇಸ್ ವರ್ಕರ್‌ಗಳ ಬೆವರಿಳಿಸಿದೆಯೋ!

ಆ ತೀರ್ಪಿನಲ್ಲೇ ಇನ್ನೊಂದು ಹಳೆಯ ಕೇಸಿನ ಮಾತು ಬರುತ್ತದೆ, ಗೋರ್ಧನದಾಸ್ ಭಾಂಜಿ, 1951ರ ತೀರ್ಪು. ಮುಂಬೈನ ಅಂಧೇರಿಯಲ್ಲಿ ಸಿನಿಮಾ ಟಾಕೀಸು ಕಟ್ಟಲು ಪೊಲೀಸ್ ಕಮಿಷನರ್ ಅನುಮತಿ ಕೊಟ್ಟರು. ಆಮೇಲೆ, ಸರ್ಕಾರದ ನಿರ್ದೇಶನದಂತೆ ತಿಳಿಸುತ್ತಿದ್ದೇನೆ, ಅನುಮತಿ ರದ್ದಾಗಿದೆ, ಎಂದು ಪತ್ರ ಕೊಟ್ಟರು. ಕೋರ್ಟಿನಲ್ಲಿ ಬಂದು, ಇಲ್ಲ ಇಲ್ಲ, ಅದು ನನ್ನದೇ ನಿರ್ಧಾರ ಎಂದರು. ನ್ಯಾಯಮೂರ್ತಿ ವಿವಿಯನ್ ಬೋಸ್ ಒಪ್ಪಲಿಲ್ಲ. ಕಾಗದದಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ, ಮನಸ್ಸಿನಲ್ಲಿ ಏನಿತ್ತು ಎಂದು ಈಗ ಹೇಳಿದರೆ ನಡೆಯದು ಎಂದರು. ಇದನ್ನು ಓದುವಾಗ ನನಗೆ ಒಳಗೊಳಗೇ ನಗು ಬಂತು. "ಮೇಲಧಿಕಾರಿಗಳ ನಿರ್ದೇಶನದ ಮೇರೆಗೆ" ಎಂಬುದು ನಮ್ಮ ಕಚೇರಿಗಳ ಅಚ್ಚುಮೆಚ್ಚಿನ ಪದಗುಚ್ಛ ಅಲ್ವಾ? ಜವಾಬ್ದಾರಿ ಜಾರಿಸಲು ಬಳಸುತ್ತೇವೆ. ಅಧಿಕಾರ ಯಾರಿಗೆ ಕೊಟ್ಟಿದೆಯೋ ಅವರೇ ತಲೆ ಓಡಿಸಿ ನಿರ್ಧರಿಸದಿದ್ದರೆ ಆದೇಶವನ್ನೇ ಬೀಳಿಸುವ ಗುಂಡಿ ಅದು.

ನಮ್ಮ ವಿಷಯಕ್ಕೆ ಬರೋಣ. ಮೇಲ್ಮನವಿಯ ವಾದವನ್ನು ಮೇಡಂ ಹೇಳಿದರು, ಹೇಳದೆ ಇರಲಾಗುವುದಿಲ್ಲ. ಆದರೆ ಅದು ನಿಲ್ಲಲಿಲ್ಲ. ಬೇರೆ ದಾರಿ ಇದ್ದರೂ ಸಹಜ ನ್ಯಾಯ, ಅಂದರೆ ಎದುರಿನವರ ಮಾತನ್ನು ಸರಿಯಾಗಿ ಕೇಳಿಯೇ ತೀರ್ಮಾನಿಸಬೇಕು ಎಂಬ ನಿಯಮ, ಮೀರಿದ ಕಡೆ ರಿಟ್ ಕೇಳಬಹುದು ಎಂದು ಸುಪ್ರೀಂ ಕೋರ್ಟು 1998ರ ವರ್ಲ್‌ಪೂಲ್ ಕೇಸಿನಲ್ಲಿ ಹೇಳಿಯಾಗಿದೆ. ನ್ಯಾಯಮೂರ್ತಿಗಳು ಎರಡೇ ಪ್ರಶ್ನೆ ಕೇಳಿದರು. ಮಹಜರಿನ ಪ್ರತಿ ಕೊಟ್ಟಿದ್ದೀರಾ? ಅವರು ಕೊಟ್ಟ ಪಟ್ಟಿಯ ಬಗ್ಗೆ ಆದೇಶದಲ್ಲಿ ಒಂದು ಮಾತಾದರೂ ಇದೆಯಾ? ಎರಡಕ್ಕೂ ಉತ್ತರ ಇಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. ಆದೇಶ ರದ್ದು, ಪ್ರತಿ ಕೊಟ್ಟು, ಕೇಳಿ, ಕಾರಣ ಬರೆದು ಹೊಸ ಆದೇಶ ಮಾಡಿ ಎಂದು ಕಡತ ನಮಗೇ ವಾಪಸ್.

ಅಕ್ಕಿ ಕಡಿಮೆ ಇತ್ತೋ ಇಲ್ಲವೋ ಎಂದು ಅವರು ಕೇಳಲೇ ಇಲ್ಲ. ನನಗೆ ಅದು ವಿಚಿತ್ರ ಎನಿಸಿತು, ಸಿಟ್ಟೂ ಬಂತು. ಕಳ್ಳನನ್ನು ಬಿಟ್ಟುಬಿಟ್ಟರಲ್ಲ! ಬಸ್ಸಿನಲ್ಲಿ ವಾಪಸ್ ಬರುವಾಗ ಮೇಡಂ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಕೋರ್ಟು ನಿಮ್ಮ ಮೇಲಿನ ಮೇಲಧಿಕಾರಿ ಅಲ್ಲ, ನಿಮ್ಮ ನಿರ್ಧಾರ ಸರಿಯೇ ಎಂದು ಮತ್ತೆ ತೂಗಿ ನೋಡುವುದಿಲ್ಲ, ನಿರ್ಧಾರಕ್ಕೆ ಬಂದ ದಾರಿ ಸರಿ ಇದೆಯೇ ಎಂದಷ್ಟೇ ನೋಡುತ್ತದೆ. 1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ ಇದೇ ಮಾತು ಇದೆ.

ಆ ಮೇಲೆ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಕೇಸುಗಳನ್ನು ಮತ್ತೆ ಓದತೊಡಗಿದೆ, ಈ ಸಲ ಕೇಸ್ ವರ್ಕರ್ ಕಣ್ಣಿನಿಂದ. ನೋಡಿದರೆ ಎಲ್ಲದರ ಬುಡದಲ್ಲೂ ಯಾವುದೋ ಕಚೇರಿಯ ಕಾಗದ. ಅಮೆರಿಕದಲ್ಲಿ ನ್ಯಾಯಾಂಗ ಪರಾಮರ್ಶೆಗೆ ತಳಪಾಯ ಹಾಕಿದ 1803ರ ಮಾರ್ಬರಿ ಕೇಸು ಇದೆಯಲ್ಲ, ಅದು ಏನು ಗೊತ್ತಾ? ಸಹಿ ಬಿದ್ದು, ಮೊಹರು ಬಿದ್ದು, ಬಟವಾಡೆ ಆಗದೆ ಉಳಿದ ನೇಮಕಾತಿ ಪತ್ರ! ನಮ್ಮ ಟಪಾಲು ವಿಭಾಗದಲ್ಲಿ ವಾರಕ್ಕೊಂದು ಆಗುವಂಥದ್ದು. ಅದನ್ನು ತಲುಪಿಸದೆ ಬಿಟ್ಟ ಸಚಿವ ಜಾನ್ ಮಾರ್ಷಲ್. ಕೇಸು ಬಂದಾಗ ಮುಖ್ಯ ನ್ಯಾಯಮೂರ್ತಿಯಾಗಿ ತೀರ್ಪು ಬರೆದವರೂ ಅವರೇ. ಮೇನಕಾ ಗಾಂಧಿ ಕೇಸಿನಲ್ಲಿ 1977ರ ಜುಲೈನಲ್ಲಿ ಬಂದ ಪತ್ರ, ಸಾರ್ವಜನಿಕ ಹಿತಕ್ಕಾಗಿ ನಿಮ್ಮ ಪಾಸ್‌ಪೋರ್ಟ್ ವಶಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು. ಯಾಕೆ ಎಂದು ಕೇಳಿದರೆ, ಸಾರ್ವಜನಿಕ ಹಿತಕ್ಕಾಗಿ ಅದನ್ನೂ ಹೇಳುವುದಿಲ್ಲ ಎಂಬ ಉತ್ತರ. ಈ ಉತ್ತರ ನನ್ನ ಆ ಒಂದು ಸಾಲಿನ ಅಣ್ಣನಂತಿದೆ. 1978ರ ಜನವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಕಾನೂನಿನಲ್ಲಿ ಒಂದು ವಿಧಾನ ಬರೆದಿದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಎಂದಿತು.

ಆದರೆ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟದ್ದು ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿ ಕೇಸು. 1989ರ ಏಪ್ರಿಲ್. ಆಗ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿ ಅವರಿಗೆ ಬೆಂಬಲವಿಲ್ಲ ಎಂದು 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗೆ ಬಂದವು. ಅವರು ರಾಷ್ಟ್ರಪತಿಗೆ ವರದಿ ಕಳಿಸಿದರು. ಮರುದಿನವೇ ಏಳು ಶಾಸಕರು, ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದರು. ವಿಧಾನಸಭೆಯಲ್ಲೇ ಬಹುಮತ ತೋರಿಸುತ್ತೇನೆ ಎಂದರು ಬೊಮ್ಮಾಯಿ. ಕೇಳಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ. ನಮ್ಮ ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಗೊತ್ತಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ಪರಾಮರ್ಶೆಗೆ ಒಳಪಟ್ಟದ್ದೇ. ನಿಮ್ಮ ಮುಂದೆ ಏನು ಸಾಮಗ್ರಿ ಇತ್ತು, ಅದು ವಿಷಯಕ್ಕೆ ಸಂಬಂಧಪಟ್ಟದ್ದೇ ಎಂದು ಕೋರ್ಟು ನೋಡಬಹುದು.

ಅಷ್ಟು ಹೊತ್ತಿಗೆ ರಾಜ್ಯದಲ್ಲಿ ಚುನಾವಣೆಯೇ ಮುಗಿದು ನಾಲ್ಕು ವರ್ಷ ದಾಟಿತ್ತು. ಹೋದ ಕುರ್ಚಿ ಬರಲಿಲ್ಲ. ಆ ಏಳು ಪತ್ರಗಳನ್ನು ಓದುವಾಗ ನನಗೆ ನೆನಪಾದದ್ದು ನಾನು ತೆರೆದು ನೋಡದ ಆ 52 ಕಾರ್ಡುಗಳ ಪಟ್ಟಿ. ದೆಹಲಿಯಲ್ಲಾಗಲಿ, ನಮ್ಮ ಜಿಲ್ಲೆಯಲ್ಲಾಗಲಿ, ಕಡತದಲ್ಲೇ ಇದ್ದ ಕಾಗದವನ್ನು ಯಾರೋ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹೊಸ ವಿಚಾರಣೆ ಆಯಿತು. ಮಹಜರಿನ ಪ್ರತಿ ಕೊಟ್ಟೆವು. ಆಹಾರ ನಿರೀಕ್ಷಕರ ಜೊತೆ ನಾನೂ ಊರಿಗೆ ಹೋಗಿ ಪಟ್ಟಿ ಹಿಡಿದು ಮನೆಮನೆ ಕೇಳಿದೆ. ಅಂಗಡಿ ಮುಚ್ಚಿದ ತಿಂಗಳುಗಳಲ್ಲಿ ಆ ಜನ ಪಕ್ಕದೂರಿಗೆ ನಡೆದು ಅಕ್ಕಿ ತರುತ್ತಿದ್ದರು. ಒಬ್ಬ ಅಜ್ಜಿ ನಮ್ಮಿಬ್ಬರಿಗೂ ಸರಿಯಾಗಿ ಬೈದರು. 52ರಲ್ಲಿ 47 ಮನೆಯವರು, ಹೌದು, ಅಕ್ಕಿ ಕೊಟ್ಟಿದ್ದಾರೆ, ಸಹಿ ನಮ್ಮದೇ ಎಂದರು. ಎರಡು ಮನೆಯವರು ದುಡಿಯಲು ಗುಳೆ ಹೋಗಿದ್ದರು. ಮೂವರು ಇಲ್ಲವೆಂದರು. 11 ಕ್ವಿಂಟಾಲ್ ಚಿಲ್ಲರೆಯ ಕೊರತೆ ಎರಡೂವರೆ ಕ್ವಿಂಟಾಲಿಗೆ ಇಳಿಯಿತು.

ಹಾಗಂತ ಅಂಗಡಿಯವರು ಪೂರ್ತಿ ಸಾಚಾ ಎಂದಲ್ಲ. ಎರಡೂವರೆ ಕ್ವಿಂಟಾಲಿಗೆ ಅವರ ಬಳಿ ಉತ್ತರ ಇರಲಿಲ್ಲ. ಆದೇಶ ಬರೆಯಲು ನನಗೆ ಎರಡು ದಿನ ಬೇಕಾಯಿತು. ಅವರು ಹೇಳಿದ್ದು ಇದು, ನಾವು ನೋಡಿದ್ದು ಇದು, ಇದನ್ನು ಒಪ್ಪಿದ್ದೇವೆ, ಇದನ್ನು ಈ ಕಾರಣಕ್ಕೆ ಒಪ್ಪಿಲ್ಲ ಎಂದು ಆರು ಪುಟ. ಸಾಹೇಬರು ಕರೆದು ಅರ್ಧ ಗಂಟೆ ಕೂರಿಸಿಕೊಂಡು ಒಂದೊಂದು ಪ್ಯಾರಾ ಕೇಳಿದರು, ಎರಡು ಕಡೆ ತಾವೇ ತಿದ್ದಿದರು. ಕಡಿಮೆ ಬಿದ್ದ ಅಕ್ಕಿಯ ಬೆಲೆ ವಸೂಲಿ, ಠೇವಣಿಯಲ್ಲಿ ಒಂದು ಭಾಗ ಮುಟ್ಟುಗೋಲು, ಎಚ್ಚರಿಕೆ. ಪ್ರಾಧಿಕಾರ ಉಳಿಯಿತು. ಅದರ ಮೇಲೆ ಯಾರೂ ಎಲ್ಲಿಗೂ ಹೋಗಲಿಲ್ಲ.

ಎಲ್ಲ ಕಡತಕ್ಕೂ ಎರಡು ದಿನ ಕೊಡಲು ನನ್ನಿಂದ ಈಗಲೂ ಆಗುವುದಿಲ್ಲ. ಹಳೆಯ ಆದೇಶವನ್ನೇ ತೆರೆದು ಹೆಸರು ಬದಲಿಸುತ್ತೇನೆ. ಆದರೆ ಪ್ರಸ್ತಾವನೆಯ ಕೊನೆಗೆ ಬಂದಾಗ ಅವರ ಸಮಜಾಯಿಷಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ. ಅದರ ಲಗತ್ತುಗಳನ್ನೂ.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗ ಬಂದು, "ಸರ್, ರದ್ದತಿ ಆದೇಶದ ಸಾಫ್ಟ್ ಕಾಪಿ ಇದ್ರೆ ಕೊಡಿ, ಹೆಸರು ಬದಲಾಯಿಸ್ಕೊಳ್ತೀನಿ" ಎಂದ. ಕೊಟ್ಟೆ. "ಸಮಜಾಯಿಷಿಯು ತೃಪ್ತಿಕರವಾಗಿರುವುದಿಲ್ಲ" ಎಂಬುದು ಅದರಲ್ಲಿ ಇನ್ನೂ ಇತ್ತು. ಅದರ ಪಕ್ಕ ಕೆಂಪು ಅಕ್ಷರದಲ್ಲಿ "ಯಾಕೆ?" ಎಂದು ಟೈಪ್ ಮಾಡಿ, ಕೆಳಗೆ ಎಂಟು ಖಾಲಿ ಸಾಲು ಬಿಟ್ಟು ಕಳಿಸಿದೆ. ಸಂಜೆ ಅವನು ವಾಪಸ್ ಬಂದ. "ಸರ್, ಈ ಜಾಗ ಸಾಕಾಗ್ತಾ ಇಲ್ಲ" ಎಂದ.