ಬಾಯಾರಿದ ಮೊಗ್ಗಿಗೇ ಹೂಮಳೆ

ಫೆಬ್ರವರಿ ಕೊನೆಯ ವಾರ. ಕೊಡಗಿನ ಸಿದ್ದಾಪುರ ಕಡೆಯ ರೊಬಸ್ಟಾ ಕಾಫಿ ತೋಟದಲ್ಲಿ ಕೊಯ್ಲು ಮುಗಿದಿದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯದೆ ನಾವೇ ನೀರು ಹಾಯಿಸಲು ಹೊಳೆದಂಡೆಯಲ್ಲಿ ಮೋಟರ್ ಕೂತಿದೆ, ಪೈಪು ಎಳೆದಾಗಿದೆ. ಪಕ್ಕದ ತೋಟದಲ್ಲಿ ಆಗಲೇ ಮಳೆಯಂತೆ ನೀರು ಚಿಮ್ಮುವ ಜೆಟ್ ತಿರುಗುತ್ತಿದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ನೋಡಿಯೇ ಸ್ವಿಚ್ ಹಾಕುತ್ತಾರೆ. ನೋಡಬೇಕಾದದ್ದು ಪಕ್ಕದ ತೋಟವನ್ನಲ್ಲ, ನಮ್ಮ ಗಿಡದ ಗೆಣ್ಣನ್ನು.

ಮಳೆಗಾಲ ಮುಗಿದು ಹಗಲು ಕಿರಿದಾಗುತ್ತಿದ್ದಂತೆ ಕಾಫಿ ಗಿಡ ಗೆಣ್ಣಿನಲ್ಲಿ ಹೂಮೊಗ್ಗು ಕಟ್ಟುತ್ತದೆ. ಅದು ಸುಮಾರು ಅರ್ಧ ಸೆಂಟಿಮೀಟರ್ ಬೆಳೆದು ನಿಂತುಬಿಡುತ್ತದೆ. ಆಮೇಲಿನ ಒಣ ತಿಂಗಳುಗಳಲ್ಲಿ ನಡೆಯುವುದೇ ಮುಖ್ಯ ಕೆಲಸ. ಮಣ್ಣು ಒಣಗಿದ್ದು ಬೇರಿಗೆ ತಿಳಿಯುತ್ತದೆ, ಗಿಡದಲ್ಲಿ ಬೆಳವಣಿಗೆ ತಡೆಯುವ ಹಾರ್ಮೋನು ಅಬ್ಸಿಸಿಕ್ ಆಮ್ಲ ಹೆಚ್ಚುತ್ತದೆ, ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆ ಬಾಯಾರಿಕೆಯಿಲ್ಲದೆ ಮೊಗ್ಗು ಎಚ್ಚರಗೊಳ್ಳುವುದಿಲ್ಲ. ಬಿಡದೆ ನೀರುಣಿಸಿದ ಕಾಫಿ ಗಿಡದ ಮೊಗ್ಗು ಅರಳದೆ ಉಳಿಯುತ್ತದೆಂದು ಆಲ್ವಿಮ್ ಎಂಬ ವಿಜ್ಞಾನಿ 1960ರಲ್ಲೇ ತೋರಿಸಿದ್ದರು. ಗಿಡ ಸ್ಪಂದಿಸುವುದು ಬರೀ ನೀರಿಗಲ್ಲ, ಒಣಗಿದ ಮೇಲೆ ಬಂದ ನೀರಿಗೆ. ಜನವರಿಯಲ್ಲಿ ಅವಸರಪಟ್ಟು ನೀರು ಬಿಟ್ಟ ತೋಟಗಳಲ್ಲಿ ಹೂವು ಕಂತುಕಂತಾಗಿ ಬರುವುದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹಾಗೆಂದು ಎಲೆ ಹಳದಿಯಾಗಿ ಉದುರುವವರೆಗೆ ಕಾಯುವುದೂ ತಪ್ಪು, ಆಗ ಮೊಗ್ಗೇ ಕರಟುತ್ತದೆ. ಬೆಳಗಿನ ಹೊತ್ತೂ ಎಲೆ ಜೋತಿರಬೇಕು, ಮೊಗ್ಗು ಗುಂಪಾಗಿ ತುಂಬಿಕೊಂಡು ಹಸಿರಾಗಿರಬೇಕು. ಅದೇ ಸರಿಯಾದ ಹೊತ್ತು.

ಇನ್ನು ಅಳತೆ. ರೊಬಸ್ಟಾಕ್ಕೆ ಒಂದೂವರೆ ಇಂಚು, ಅಂದರೆ ಸುಮಾರು 38 ಮಿ.ಮೀ. ಒಂದು ಎಕರೆಗೆ ಒಂದು ಇಂಚೆಂದರೆ ಒಂದು ಲಕ್ಷ ಲೀಟರಿಗಿಂತ ತುಸು ಹೆಚ್ಚು. ಹಾಗಾಗಿ ಒಂದೂವರೆ ಲಕ್ಷ ದಾಟುತ್ತದೆ. ಕೆರೆಯಲ್ಲಿ ಅಷ್ಟು ನೀರಿಲ್ಲವೆಂದು ತೋಟದ ಎಲ್ಲ ಭಾಗಕ್ಕೂ, ಅಂದರೆ ಎಲ್ಲ ಬ್ಲಾಕಿಗೂ, ಅರ್ಧರ್ಧ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ನೀರಿಗೆ ಮೊಗ್ಗು ಎಚ್ಚರವಾಗುತ್ತದೆ, ಅರಳಲು ಶಕ್ತಿ ಸಾಲದೆ ಕೆಂಪಾಗಿ ಒಣಗುತ್ತದೆ. ಇರುವ ನೀರಿಗೆ ತಕ್ಕಷ್ಟು ಎಕರೆಗೆ ಪೂರ್ತಿ ಕೊಟ್ಟು, ಉಳಿದದ್ದನ್ನು ಮಳೆಗೆ ಬಿಡುವುದೇ ಮೇಲು. ಜೆಟ್ ಬುಡದಿಂದ ಅಂಚಿನವರೆಗೆ ನಾಲ್ಕೈದು ನೇರಗೋಡೆಯ ಖಾಲಿ ಡಬ್ಬಿ ಇಟ್ಟು, ನಿಂತ ನೀರನ್ನು ಸ್ಕೇಲಿನಿಂದ ಅಳೆಯಿರಿ. ಗಂಟೆಗೆ 10 ಮಿ.ಮೀ. ಬೀಳುತ್ತಿದ್ದರೆ ನಾಲ್ಕು ಗಂಟೆ ಬೇಕು. ನೆರಳಿನ ಮರವಾದ ಸಿಲ್ವರ್ ಓಕ್‌ನ ಕಾಂಡದ ಹಿಂದಿನ ಗಿಡಗಳಿಗೆ ನೀರು ತಲುಪುವುದಿಲ್ಲ, ಅಲ್ಲೂ ಒಂದು ಡಬ್ಬಿ ಇರಲಿ.

ನೀರು ಬಿದ್ದ ಮೇಲೆ ಒಂದೆರಡು ದಿನ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಅಬ್ಸಿಸಿಕ್ ಆಮ್ಲ ಇಳಿದು, ಬೆಳವಣಿಗೆ ಚುರುಕುಗೊಳಿಸುವ ಹಾರ್ಮೋನು ಜಿಬ್ಬರೆಲಿನ್ ಏರುತ್ತಿರುತ್ತದೆ. ಮೂರು ನಾಲ್ಕನೇ ದಿನದಿಂದ ಮೊಗ್ಗಿನ ಕೋಶಗಳು ನೀರು ಹೀರಿ ಉದ್ದವಾಗುತ್ತವೆ, ಏಳನೇ ದಿನದ ಸುಮಾರಿಗೆ ಮೊಗ್ಗುಗಳು ಬಿಳಿ ಮೊಂಬತ್ತಿಯಂತೆ ನಿಲ್ಲುತ್ತವೆ. ಎಂಟೊಂಬತ್ತನೇ ದಿನದ ನಸುಕಿಗೆ ಇಡೀ ಬ್ಲಾಕ್ ಒಟ್ಟಿಗೆ ಅರಳುತ್ತದೆ. ಎಲ್ಲ ಗಿಡಕ್ಕೂ ಒಂದೇ ದಿನ ನೀರು ಸಿಕ್ಕಿದ್ದರಿಂದ ಎಲ್ಲವೂ ಒಂದೇ ದಿನದಿಂದ ಎಣಿಸಿವೆ. ಎಷ್ಟು ವರ್ಷ ಕಂಡರೂ ಬೆರಗು ತಪ್ಪುವುದಿಲ್ಲ.

ಈ ಒಗ್ಗಟ್ಟು ರೊಬಸ್ಟಾಕ್ಕೆ ಬದುಕಿನ ಪ್ರಶ್ನೆ. ಇನ್ನೊಂದು ಬಗೆಯ ಕಾಫಿಯಾದ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ. ರೊಬಸ್ಟಾ ಹೂವು ತನ್ನದೇ ಗಿಡದ ಪರಾಗವನ್ನು ಗುರುತಿಸಿ, ಅದರಿಂದ ಬೆಳೆಯುವ ನಾಳವನ್ನು ತಡೆಯುತ್ತದೆ. ಪಕ್ಕದ ಗಿಡದ ಪರಾಗ ಗಾಳಿಯಲ್ಲೋ, ಹೆಜ್ಜೇನು ತುಡುವೆಗಳ ಮೈಮೇಲೋ ಬರಬೇಕು. ಆದ್ದರಿಂದ ಹೂವಿರುವ ಎರಡು ಮೂರು ದಿನ ಜೆಟ್ ಬೇಡ, ಕೀಟನಾಶಕ ಖಂಡಿತ ಬೇಡ. ಅರಳಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ, ಅದಕ್ಕೆ ನಮ್ಮ ಕೈಯಲ್ಲಿ ಮದ್ದಿಲ್ಲ.

ಹೂವು ಬಾಡಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ಮೋಟರ್ ಎತ್ತಿಡಬೇಡಿ. ಹದಿನೈದು ಇಪ್ಪತ್ತು ದಿನದೊಳಗೆ ಮಳೆಯಾಗದಿದ್ದರೆ ಒಂದು ಇಂಚು ಬ್ಯಾಕಿಂಗ್ ನೀರು, ಅಂದರೆ ಹೂವಿನ ನಂತರದ ಎರಡನೇ ನೀರು, ಬೇಕೇಬೇಕು. ಗುಂಡುಸೂಜಿ ತಲೆಯಷ್ಟಿರುವ ಕಾಯಿ ಆ ಹೊತ್ತಿಗೆ ಮತ್ತೆ ಬಾಯಾರಿದರೆ ಗಿಡ ಅದನ್ನು ಉದುರಿಸುತ್ತದೆ.